ಬಾನೆಟ್ ಒಳಗೆ ಬಿದ್ದ ಸ್ಪ್ಯಾನರ್ ತೆಗೆಯುವುದು ಹೇಗೆ?

ಬ್ಯಾಟರಿ ಟರ್ಮಿನಲ್ ಬಿಗಿ ಮಾಡುವಾಗಲೋ ಹೆಡ್‌ಲೈಟ್ ಬಲ್ಬ್ ಬದಲಾಯಿಸುವಾಗಲೋ ಕೈಜಾರಿದ ಹತ್ತನೇ ನಂಬರ್ ಸ್ಪ್ಯಾನರ್ ಎಂಜಿನ್ ಸಂದಿಯಲ್ಲಿ ಮಾಯವಾಗುವುದು ಮನೆಯಲ್ಲೇ ಕಾರಿನ ಸಣ್ಣಪುಟ್ಟ ಕೆಲಸ ಮಾಡಿಕೊಳ್ಳುವ ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ಹೊರಗೆ ತೆಗೆಯುವುದು ಅಂಥ ಕಷ್ಟವೇನಲ್ಲ. ಬಿದ್ದ ಮೇಲಿನ ಐದು ನಿಮಿಷದ ಗಡಿಬಿಡಿಯಲ್ಲೇ ಕೆಲಸ ಕೆಡುವುದು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲೇ ನೋಡಿದ್ದೇನೆ: ಗೇರ್‌ಬಾಕ್ಸ್ ಮೇಲೆ, ಕಣ್ಣಿಗೆ ಕಾಣುವಂತೆ ಮಲಗಿದ್ದ ಸ್ಪ್ಯಾನರನ್ನು ಒಬ್ಬರು ಪೊರಕೆ ಕಡ್ಡಿಯಿಂದ ಎಳೆದುಕೊಳ್ಳಲು ಹೋದರು. ಅದು ಜಾರಿ, ಕೆಳಗೆ ಎಂಜಿನ್ ಹೊತ್ತಿರುವ ಲೋಹದ ಚೌಕಟ್ಟಾದ ಸಬ್‌ಫ್ರೇಮ್‌ನ ತೂತಿನೊಳಗೆ ಸೇರಿಕೊಂಡಿತು. ಎರಡು ನಿಮಿಷದ ಕೆಲಸಕ್ಕೆ ಕೊನೆಗೆ ಗ್ಯಾರೇಜಿನ ರ‍್ಯಾಂಪ್ ಬೇಕಾಯಿತು.

ಮೊದಲು ಏನೂ ಮಾಡಬೇಡಿ

ಕೈ ಹಿಂದಕ್ಕೆ ತೆಗೆದುಕೊಳ್ಳಿ. ಬಿದ್ದಾಗ ಕೇಳಿಸಿದ ಸದ್ದನ್ನು ನೆನಪಿಸಿಕೊಳ್ಳಿ. ಕೊನೆಯ ಸದ್ದು ನೆಲಕ್ಕೆ ಬಡಿದದ್ದಾದರೆ ಸ್ಪ್ಯಾನರ್ ಕಾರಿನ ಕೆಳಗಿದೆ, ಬಗ್ಗಿ ಎತ್ತಿಕೊಳ್ಳಿ. ‘ಡಬ್’ ಎಂದು ಪೊಳ್ಳಾಗಿ ಕೇಳಿಸಿದ್ದರೆ ಎಂಜಿನ್ ಅಡಿಯ ಪ್ಲಾಸ್ಟಿಕ್ ಕವರ್ ಮೇಲೆ ಬಿದ್ದಿರುತ್ತದೆ. ‘ಟಣ್’ ಎಂದು ಲೋಹದ ಸದ್ದಾಗಿ ಅಲ್ಲಿಗೇ ನಿಂತಿದ್ದರೆ ಯಾವುದೋ ಬ್ರಾಕೆಟ್, ಗೇರ್‌ಬಾಕ್ಸ್ ಇಲ್ಲವೇ ಸಬ್‌ಫ್ರೇಮ್ ಮೇಲೆ ಕೂತಿದೆ.

ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ‘ಒಂದು ರೌಂಡ್ ಹೋಗಿ ಹಂಪ್ ಹತ್ತಿಸಿದರೆ ತಾನೇ ಬೀಳುತ್ತದೆ’ ಎಂದು ಪಕ್ಕದಲ್ಲಿ ನಿಂತವರು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಬೀಳುವ ದಾರಿಯಲ್ಲಿ ಬೆಲ್ಟ್ ಇದೆ, ಫ್ಯಾನ್ ಇದೆ, ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ ಇದೆ. ಬೆಲ್ಟಿಗೆ ಸಿಕ್ಕಿದ ಸ್ಪ್ಯಾನರ್ ಬೆಲ್ಟನ್ನೇ ಕಿತ್ತು ಹಾಕಬಲ್ಲದು. ಎಲ್ಲ ತಪ್ಪಿಸಿಕೊಂಡು ರಸ್ತೆಗೆ ಬಿದ್ದರೂ ಹಿಂದೆ ಬರುವ ಬೈಕ್ ಸವಾರನಿಗೆ ಅದು ಅಪಾಯ. ಪ್ರೆಷರ್ ವಾಷರ್‌ನಿಂದ ನೀರು ಹೊಡೆದು ಬೀಳಿಸುವುದೂ ಬೇಡ. ಆಲ್ಟರ್ನೇಟರ್, ವೈರಿಂಗ್ ಕನೆಕ್ಟರ್‌ಗಳಿಗೆ ನೀರು ನುಗ್ಗಿದರೆ ಸ್ಪ್ಯಾನರ್‌ಗಿಂತ ದೊಡ್ಡ ಖರ್ಚು ಬರುತ್ತದೆ.

ಬಿಸಿ ಎಂಜಿನ್ ಆದರೆ ಒಂದು ಗಂಟೆಯಾದರೂ ಆರಲು ಬಿಡಿ. ಕೈ ಸುಡುತ್ತದೆ ಎಂಬುದಷ್ಟೇ ಕಾರಣವಲ್ಲ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆ.

ಮೈನಸ್ ಬಿಚ್ಚಿ

ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಸರಿಸಿ. ಪ್ಲಸ್ ಮುಟ್ಟಬೇಡಿ. ಕಾರಿನ ಬಾಡಿಯೇ ಮೈನಸ್, ಹಾಗಾಗಿ ಮೈನಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗದು. ಪ್ಲಸ್ ಬಿಚ್ಚುವಾಗ ತಾಗಿದರೆ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಬರುವ ಹೈಡ್ರೋಜನ್‌ಗೆ ಆ ಕಿಡಿ ಸಾಕು. ಬಿದ್ದಿರುವ ಸ್ಪ್ಯಾನರ್ ಸ್ಟಾರ್ಟರ್ ಮೋಟರಿನ ದಪ್ಪ ಕೇಬಲ್ ಪಕ್ಕದಲ್ಲೇ ಇರಬಹುದು. ಕೀ ತೆಗೆದಿದ್ದರೂ ಆ ಕೇಬಲ್‌ನಲ್ಲಿ ಕರೆಂಟ್ ಇರುತ್ತದೆ. ಸ್ಪ್ಯಾನರ್ ಎತ್ತಲು ನೀವು ಆಮೇಲೆ ಇಳಿಬಿಡುವ, ತುದಿಯಲ್ಲಿ ಮ್ಯಾಗ್ನೆಟ್ ಇರುವ ಕಡ್ಡಿಯೂ ಲೋಹದ್ದೇ. ಗಡಿಯಾರ, ರೇಡಿಯೋ ಸ್ಟೇಷನ್‌ಗಳು ಅಳಿಸಿಹೋಗುತ್ತವೆ ಎಂದು ಈ ಹಂತ ಬಿಡುವವರಿದ್ದಾರೆ. ಅವನ್ನು ಮತ್ತೆ ಹೊಂದಿಸಿಕೊಳ್ಳಬಹುದು.

ಬಿದ್ದದ್ದೇ ಹತ್ತನೇ ನಂಬರ್ ಆಗಿದ್ದರೆ ಟರ್ಮಿನಲ್ ಬಿಚ್ಚಲು ಇನ್ನೊಂದು ಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ತಿರುಗಿಸಿ ನಟ್‌ನ ಮೂಲೆ ಸವೆಸಬೇಡಿ, ಪಕ್ಕದ ಮನೆಯವರಲ್ಲಿ ಕೇಳಿ. ಮನೆಯಲ್ಲಿ ಹತ್ತನೇ ನಂಬರ್ ಯಾವತ್ತೂ ಎರಡು ಇರಲಿ.

ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಬಿದ್ದಿದ್ದರೆ ಇಲ್ಲಿಗೇ ನಿಲ್ಲಿಸಿ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ. ಚಿಕ್ಕ ಬ್ಯಾಟರಿಯ ಮೈನಸ್ ಬಿಚ್ಚಿದೆನೆಂದು ಅಲ್ಲಿ ಕೈಯಿಡುವಂತಿಲ್ಲ.

ಕಣ್ಣಿಗೆ ಕಾಣುವವರೆಗೆ ಕಡ್ಡಿ ಇಳಿಸಬೇಡಿ

ಫೋನ್ ಟಾರ್ಚ್ ಮೇಲಿನಿಂದ ಹಿಡಿದರೆ ಎಲ್ಲವೂ ನೆರಳೇ. ಟಾರ್ಚನ್ನು ಕಾರಿನ ಕೆಳಗೆ ಮೇಲ್ಮುಖವಾಗಿ ಇಟ್ಟು ಮೇಲಿನಿಂದ ನೋಡಿ, ಸಂದಿಗಳೆಲ್ಲ ತೆರೆದುಕೊಳ್ಳುತ್ತವೆ. ಆಮೇಲೆ ಫೋನಿನಲ್ಲಿ ಫ್ಲ್ಯಾಷ್ ಹಾಕಿ, ಕೈ ಇಳಿಯುವಷ್ಟು ಆಳಕ್ಕೆ ಇಳಿಸಿ ನಿಧಾನವಾಗಿ ವಿಡಿಯೋ ಮಾಡಿ. ಫೋನಿಗೆ ದಾರ ಕಟ್ಟಿರಲಿ. ಬ್ಯಾಟರಿ ಟ್ರೇ ಅಡಿ, ಗೇರ್‌ಬಾಕ್ಸ್ ಮೇಲೆ, ರೇಡಿಯೇಟರ್ ಬುಡ, ಬಂಪರ್ ಒಳಗಿನ ಗೂಡು: ಹೆಚ್ಚಾಗಿ ಸಿಗುವುದು ಈ ಜಾಗಗಳಲ್ಲೇ.

ಆಗಲೂ ಕಾಣದಿದ್ದರೆ ಒಂದು ನಟ್‌ಗೆ ಗಟ್ಟಿ ದಾರ ಕಟ್ಟಿ, ಸ್ಪ್ಯಾನರ್ ಜಾರಿದ ಜಾಗದಿಂದಲೇ ಮೆಲ್ಲಗೆ ಬಿಡಿ. ಅದು ಎಲ್ಲಿ ಬಡಿದು ಎತ್ತ ಹೊರಳುತ್ತದೆ ನೋಡಿ. ಸ್ಪ್ಯಾನರ್ ಅದೇ ದಾರಿ ಹಿಡಿದಿರುತ್ತದೆ ಎಂದು ಖಚಿತವಾಗಿ ಹೇಳಲಾಗದು, ಆದರೆ ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಫೋನಿಗೆ ಜೋಡಿಸುವ ಎಂಡೋಸ್ಕೋಪ್ ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು. ವೈಫೈ ಮಾದರಿಗಳಲ್ಲಿ ಚಿತ್ರ ತಡವಾಗಿ ಬರುತ್ತದೆ, ವೈರ್ ಇರುವುದನ್ನೇ ಕೊಳ್ಳಿ.

ಮ್ಯಾಗ್ನೆಟ್ ಇಳಿಸುವ ಬಗೆ

ಹೆಚ್ಚಿನವರು ಸೋಲುವುದು ಇಲ್ಲೇ. ರೇಡಿಯೋ ಆಂಟೆನಾದಂತೆ ಉದ್ದವಾಗುವ ಮ್ಯಾಗ್ನೆಟ್ ಕಡ್ಡಿ ತರುತ್ತಾರೆ, ಇಳಿಸುತ್ತಾರೆ. ಅದು ಮೊದಲು ಸಿಕ್ಕ ಬ್ರಾಕೆಟ್‌ಗೆ ಅಂಟುತ್ತದೆ. ಕಿತ್ತರೆ ಬೋಲ್ಟಿಗೆ, ಅಲ್ಲಿಂದ ಬಿಡಿಸಿದರೆ ಮತ್ತೊಂದು ಪೈಪಿಗೆ. ತಾಳ್ಮೆಗೆಟ್ಟು ಜೋರಾಗಿ ತಳ್ಳಿದಾಗ ಸ್ಪ್ಯಾನರ್ ಇನ್ನೂ ಒಳಕ್ಕೆ ಹೋಗುತ್ತದೆ.

ಗಾರೆ ಕೆಲಸದವರು ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಗೊತ್ತಲ್ಲ, ಅದರಲ್ಲಿ ಕಡ್ಡಿಯ ಉದ್ದಕ್ಕಿಂತ ನಾಲ್ಕು ಬೆರಳು ಕಡಿಮೆ ಇರುವ ತುಂಡು ತೆಗೆದುಕೊಳ್ಳಿ. ಮ್ಯಾಗ್ನೆಟ್ ತಲೆ ಸಲೀಸಾಗಿ ಒಳಗೆ ಓಡಾಡುವಷ್ಟು ಅಗಲವಿರಲಿ. ಕಡ್ಡಿಯನ್ನು ಪೈಪಿನೊಳಗೆ ತೂರಿಸಿ, ಮ್ಯಾಗ್ನೆಟ್ ತಲೆಯನ್ನು ಪೈಪಿನ ಬಾಯಿಂದ ಒಂದು ಅಂಗುಲ ಒಳಕ್ಕೆ ಎಳೆದಿಟ್ಟುಕೊಳ್ಳಿ. ಹಾಗೆಯೇ ಇಳಿಸಿ. ಸ್ವಲ್ಪ ದೂರವಾದರೂ ಮ್ಯಾಗ್ನೆಟ್‌ನ ಸೆಳೆತ ಬಹಳ ತಗ್ಗುತ್ತದೆ, ಹಾಗಾಗಿ ಪೈಪ್ ದಾರಿಯಲ್ಲಿ ಎಲ್ಲಿಯೂ ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಬಾಯಿ ಸ್ಪ್ಯಾನರ್ ಮೇಲೆ ಬಂದಾಗ ಕಡ್ಡಿಯನ್ನು ಮುಂದಕ್ಕೆ ತಳ್ಳಿ. ‘ಟಿಕ್’ ಎನ್ನುತ್ತದೆ.

ಹಿಡಿಯಬೇಕಾದ್ದು ಸ್ಪ್ಯಾನರಿನ ತುದಿಯನ್ನು. ನಡುವೆ ಹಿಡಿದರೆ ಅದು ಅಡ್ಡಡ್ಡ ಏಳುತ್ತದೆ, ದಾರಿಯ ಪ್ರತಿ ಹೋಸ್‌ಗೂ ವೈರಿಗೂ ತಗುಲಿ ಕಳಚಿ ಬೀಳುತ್ತದೆ. ತುದಿಯಲ್ಲಿ ಹಿಡಿದರೆ ನೇತಾಡುತ್ತ ನೆಟ್ಟಗೆ ಬರುತ್ತದೆ. ನಡುವೆ ಅಂಟಿತೆಂದು ಗೊತ್ತಾದರೆ ಆಸೆಪಟ್ಟು ಎತ್ತಬೇಡಿ. ಇದ್ದಲ್ಲೇ ಬಿಟ್ಟು, ತುದಿಗೆ ಸರಿಸಿ ಮತ್ತೆ ಹಿಡಿಯಿರಿ. ಎಲ್ಲಾದರೂ ತಡೆದರೆ ಎಳೆಯದೆ ಎರಡು ಅಂಗುಲ ಕೆಳಗಿಳಿಸಿ, ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿ, ಮತ್ತೆ ಎತ್ತಿ. ಒಬ್ಬರು ಟಾರ್ಚ್ ಹಿಡಿದು ಪಕ್ಕದಿಂದ ನೋಡುತ್ತಿದ್ದರೆ ಕೆಲಸ ಎಷ್ಟೋ ಹಗುರ.

ಕೊಳ್ಳುವಾಗ ನಿಯೋಡಿಮಿಯಂ ಮ್ಯಾಗ್ನೆಟ್ ಇರುವುದನ್ನೇ ಕೇಳಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲೋ ಜೆ.ಸಿ. ರಸ್ತೆಯಲ್ಲೋ ಹುಡುಕಿ. ಪ್ಯಾಕೆಟ್ ಮೇಲೆ ಬರೆದ ಕಿಲೋ ಲೆಕ್ಕ ನಂಬಬೇಡಿ. ಅದು ದಪ್ಪ, ಸಪಾಟಾದ ಉಕ್ಕಿನ ತಗಡಿಗೆ ಹೇಳಿದ್ದು, ಸ್ಪ್ಯಾನರಿನ ದುಂಡಗಿನ ಅಂಚಿಗೆ ಹಿಡಿತ ತುಂಬ ಕಡಿಮೆ. ಅಗ್ಗದ ಕಡ್ಡಿಗಳಲ್ಲಿ ತಲೆಯನ್ನು ಬರೀ ಅಂಟಿನಿಂದ ಕೂರಿಸಿರುತ್ತಾರೆ. ಅದು ಕಿತ್ತು ಎಂಜಿನ್‌ಗೆ ಅಂಟಿಕೊಂಡರೆ ಈಗ ಎರಡು ವಸ್ತು ಹುಡುಕಬೇಕು. ಅಂಗಡಿಯಲ್ಲೇ ಕಬ್ಬಿಣದ ಬೀರುವಿಗೆ ಅಂಟಿಸಿ ಎಳೆದು ನೋಡಿ. ಬಿಸಿ ಎಂಜಿನ್‌ಗೆ ಇಳಿಸಬೇಡಿ, ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಹಳೆಯ ಸ್ಪೀಕರ್‌ನ ಮ್ಯಾಗ್ನೆಟ್‌ಗೆ ದಾರ ಕಟ್ಟಿ ಇಳಿಸುವ ಉಪಾಯ ನನಗೆ ಹಿಡಿಸದು. ಅದು ಅಗಲ, ಭಾರ, ಬಡಿದರೆ ಚೂರಾಗುತ್ತದೆ.

ಹಿತ್ತಾಳೆ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ವಸ್ತು ಬಿದ್ದಿದ್ದರೆ ಮ್ಯಾಗ್ನೆಟ್ ಕೆಲಸಕ್ಕೆ ಬಾರದು. ಸ್ಟೇನ್‌ಲೆಸ್ ಸ್ಟೀಲ್‌ನ ಕೆಲವು ಬೋಲ್ಟ್‌ಗಳೂ ಹಾಗೆಯೇ. ಅದಕ್ಕೆ ತುದಿಯಲ್ಲಿ ನಾಲ್ಕು ಉಗುರು ಬಿಚ್ಚಿಕೊಳ್ಳುವ ಗ್ರಾಬರ್ ಇದೆ. ಚಿಕ್ಕ ವಾಷರ್ ಆದರೆ ಕಡ್ಡಿಯ ತುದಿಗೆ ಡಬಲ್ ಸೈಡ್ ಟೇಪ್ ಸುತ್ತಿದರೂ ಬರುತ್ತದೆ.

ಕೆಳಗಿನಿಂದ ತೆಗೆಯುವುದಾದರೆ

ಪ್ಲಾಸ್ಟಿಕ್ ಕವರ್ ಮೇಲೆ ಬಿದ್ದಿದ್ದರೆ ಒಂದು ಮೂಲೆಯ ಕ್ಲಿಪ್‌ಗಳನ್ನಷ್ಟೇ ಬಿಚ್ಚಿ, ಬಗ್ಗಿಸಿ, ಕೈ ಹಾಕಿ. ಕ್ಲಿಪ್‌ನ ನಡುವಿನ ಮೊಳೆಯನ್ನು ಕೆಲವದರಲ್ಲಿ ಒಳಕ್ಕೆ ಒತ್ತಬೇಕು, ಕೆಲವದರಲ್ಲಿ ಹೊರಕ್ಕೆ ಎಳೆಯಬೇಕು. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಮುರಿಯುತ್ತದೆ.

ಡಿಕ್ಕಿಯಲ್ಲಿರುವ ಜಾಕ್ ಟೈರ್ ಬದಲಿಸಲಿಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ, ಎದೆ ಇರಲಿ, ತೋಳನ್ನೂ ಹಾಕಬೇಡಿ. ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಕಾರನ್ನು ನೆಲದ ಮೇಲೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೈಗೆ ಎಟುಕುವಷ್ಟಕ್ಕೆ ಪ್ರಯತ್ನಿಸಿ. ಆಗದಿದ್ದರೆ ಗ್ಯಾರೇಜಿನವರನ್ನು ನೀವಿದ್ದಲ್ಲಿಗೇ ಕರೆಸಿ.

ಬಿಚ್ಚಿಟ್ಟ ಸ್ಪಾರ್ಕ್ ಪ್ಲಗ್‌ನ ತೂತು, ಥ್ರಾಟಲ್ ಬಾಡಿ, ತೆರೆದ ಟೈಮಿಂಗ್ ಕವರ್ ಇವುಗಳೊಳಗೆ ಸಣ್ಣ ನಟ್ ಬಿದ್ದಿದ್ದರೂ ನೀವು ತಡಕಾಡಬೇಡಿ. ಕಾರನ್ನು ಗೇರ್‌ನಲ್ಲಿಟ್ಟು ತಳ್ಳಲೂ ಬೇಡಿ, ಎಂಜಿನ್ ತಿರುಗುತ್ತದೆ. ಮೆಕ್ಯಾನಿಕ್ ಬರುವವರೆಗೆ ತೂತನ್ನು ಬಟ್ಟೆಯಿಂದ ಮುಚ್ಚಿಡಿ, ಬಟ್ಟೆ ಇಟ್ಟದ್ದನ್ನು ಅವರಿಗೆ ಹೇಳಿ.

ಸ್ಪ್ಯಾನರ್ ಕೈಗೆ ಬಂದ ಮೇಲೆ ಉಳಿದ ಸಾಮಾನುಗಳನ್ನೂ ಎಣಿಸಿ. ಅದು ಬಿದ್ದ ದಾರಿಯಲ್ಲಿ ಹೋಸ್ ಗೀರಿದೆಯೇ, ಕನೆಕ್ಟರ್ ಕಳಚಿದೆಯೇ ನೋಡಿ. ಮೈನಸ್ ಟರ್ಮಿನಲ್ ಹಾಕಿ, ಕೈಯಲ್ಲಿ ಅಲುಗಾಡಿಸಿದರೂ ಸರಿಯದಷ್ಟು ಬಿಗಿ ಮಾಡಿ. ಬಾನೆಟ್ ತೆರೆದೇ ಸ್ಟಾರ್ಟ್ ಮಾಡಿ ಒಂದು ನಿಮಿಷ ದೂರ ನಿಂತು ಕೇಳಿ. ಕರಕರ ಸದ್ದು ಬಂದರೆ ತಕ್ಷಣ ಆಫ್ ಮಾಡಿ ಬೆಲ್ಟಿನ ಕಡೆ ಮತ್ತೆ ನೋಡಿ.