ಎಂಟು ಎಮ್ಮೆ, ಮೂರು ಸೂಜಿ, ಒಂದೇ ಬೆಳಗ್ಗೆ

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಹತ್ತು-ಹನ್ನೆರಡು ದಿನದೊಳಗೆ ಐದು ಎಮ್ಮೆ ಈದವು. ಕೊಪ್ಪಳ ಜಿಲ್ಲೆಯ ಕಾರಟಗಿ ಸುತ್ತ ಎಮ್ಮೆ ಕಟ್ಟಿದವರಿಗೆ ಇದರ ಬೆಲೆ ಗೊತ್ತು. "ಸೂಜಿ ಚುಚ್ಚಿಸಿ ಚುಚ್ಚಿಸಿ ಗರ್ಭಕೋಶ ಕೆಡಿಸ್ತೀಯ" ಎಂದಿದ್ದವರೇ ಈಗ ಸಂಜೆ ಹೊತ್ತು ಬಂದು, ಯಾವ ದಿನ ಯಾವ ಸೂಜಿ ಎಂದು ಕೇಳುತ್ತಿದ್ದಾರೆ. ಎಮ್ಮೆಗಳನ್ನು ಒಟ್ಟಿಗೆ ಬೆದೆಗೆ, ಅಂದರೆ ಗಬ್ಬ ಕಟ್ಟುವ ಹೊತ್ತಿಗೆ, ತರುವ ಆ ಸೂಜಿಗಳ ಲೆಕ್ಕವನ್ನು ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಹತ್ತಿರ 14 ಎಮ್ಮೆ ಇವೆ, ಹೆಚ್ಚಿನವು ಮುರ್ರಾ ತಳಿಯ ಬೆರಕೆ. ಈದು ಆರೇಳು ತಿಂಗಳಾದರೂ ಬೆದೆ ಕಾಣುತ್ತಿರಲಿಲ್ಲ. ಹೊರಗೆ ಗುರುತು ಕಾಣದ ಮೂಕ ಬೆದೆಯ ಕಾಟ ನಿಮಗೆ ಹೇಳಬೇಕಾಗಿಲ್ಲ. ಹಸು ಕೂಗಿ, ಬೇರೆ ಹಸುವಿನ ಮೇಲೆ ಹತ್ತಿ ತೋರಿಸುತ್ತದೆ. ಎಮ್ಮೆ ನಡುರಾತ್ರಿ ಬೆದೆಗೆ ಬಂದು, ನಾವು ಹಾಲು ಕರೆಯಲು ಏಳುವಷ್ಟರಲ್ಲಿ ತಣ್ಣಗಾಗಿರುತ್ತದೆ. ಗೊಡ್ಡು ನಿಂತ ಎಮ್ಮೆಗೆ ದಿನಕ್ಕೆ 190 ರೂಪಾಯಿ ಮೇವು ಬೇಕು. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು, ನಾಲ್ಕು ಸಾವಿರವೂ ಹೋಯಿತು. ಅಂಥವು ನನ್ನಲ್ಲಿ ಆರು ಇದ್ದವು.

ಮೊದಲ ಸಲ ಬರೀ ಪ್ರೋಸ್ಟಾಗ್ಲಾಂಡಿನ್ ಎಂಬ ಹಾರ್ಮೋನು ಸೂಜಿಯನ್ನು ನಂಬಿದೆ. ಅದು ಹಾಕಿದ ಮೂರನೇ ದಿನ ಬೆದೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಆರಕ್ಕೂ ಹಾಕಿಸಿದೆ. ಬೆದೆಗೆ ಬಂದಿದ್ದು ಎರಡೇ. ಈ ಔಷಧಿ ಅಂಡಾಶಯದ ಮೇಲೆ ಮೊಟ್ಟೆ ಬಿಟ್ಟ ಜಾಗದಲ್ಲಿ ಹುಟ್ಟಿ, ಮುಂದಿನ ಬೆದೆಯನ್ನು ತಡೆಯುವ ಹಳದಿ ಗಂಟನ್ನು ಕರಗಿಸುತ್ತದೆ, ಅಷ್ಟೇ ಅದರ ಕೆಲಸ. ಗಂಟೇ ಇಲ್ಲದಿದ್ದರೆ, ಅಥವಾ ಗಂಟು ಹುಟ್ಟಿ ಇನ್ನೂ ಐದು ದಿನ ಆಗಿರದಿದ್ದರೆ, ಕರಗಿಸಲು ಏನಿದೆ? ಇದು ನನಗೆ ಆಮೇಲೆ ಅರ್ಥವಾಯಿತು.

ಇನ್ನೊಂದು ಪೆಟ್ಟು ದೊಡ್ಡದು. ಆರರಲ್ಲಿ ಒಂದು ಎಮ್ಮೆ ಗಬ್ಬ ಇತ್ತು. ಕಾಲುವೆಗೆ ಬಿಟ್ಟಾಗ ಯಾವುದೋ ಕೋಣ ಹತ್ತಿತ್ತು, ನನಗೆ ತಿಳಿದಿರಲಿಲ್ಲ. ಗಬ್ಬ ಉಳಿಸುವುದೂ ಅದೇ ಹಳದಿ ಗಂಟಿನಿಂದ ಬರುವ ಪ್ರೊಜೆಸ್ಟರಾನ್ ಹಾರ್ಮೋನು ಅಲ್ವಾ? ಗಂಟು ಕರಗಿತು. ನಾಲ್ಕನೇ ದಿನ ಎಮ್ಮೆ ಕಂದು ಹಾಕಿತು. ಎರಡೂವರೆ ತಿಂಗಳದ್ದು. ಆ ರಾತ್ರಿ ಊಟ ಸೇರಲಿಲ್ಲ. ಪರೀಕ್ಷೆ ಮಾಡಿಸದೆ ಅವಸರ ಮಾಡಿದ್ದು ನನ್ನದೇ ತಪ್ಪು. ಊರಲ್ಲಿ ಮಾತು ಹುಟ್ಟಿದ್ದು ಅಲ್ಲಿಂದಲೇ.

ಎರಡನೇ ಸಲ, ಮುಂದೆ ಹೇಳುವ ಪೂರ್ತಿ ಮೂರು ಸೂಜಿಯ ಲೆಕ್ಕ ಹಿಡಿದೆ, ಆದರೆ ಮೇ ತಿಂಗಳಲ್ಲಿ. ಬಿಸಿಲು 42ರ ಹತ್ತಿರ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವುದು ನಿಂತಿತ್ತು, ಹಸಿ ಮೇವಿಲ್ಲ, ಬರೀ ಭತ್ತದ ಹುಲ್ಲು ಮತ್ತು ತೌಡು. ಐದು ಎಮ್ಮೆಗೆ ಸೂಜಿ ಮತ್ತು ಸೆಮೆನ್ (ಕೋಣದ ವೀರ್ಯ) ಸೇರಿ ಐದು ಸಾವಿರದ ಮೇಲೆ ಖರ್ಚಾಯಿತು. ಗಬ್ಬ ನಿಂತದ್ದು ಒಂದೇ. ನಮ್ಮ ಮಾವ "ಇನ್ನು ಸಾಕು ಮಾಡು" ಎಂದರು.

ನಾನು ಬಿಡಲಿಲ್ಲ. ಎಮ್ಮೆಗೆ ಹಗಲು ಚಿಕ್ಕದಾಗುವ ಕಾಲವೇ ಬೆದೆಯ ಕಾಲ. ಮಳೆ ಮುಗಿದ ಮೇಲೆ ಅದರ ಮೈ ತಾನೇ ಅರ್ಧ ಕೆಲಸ ಮಾಡುತ್ತದೆ. ಹಾಗಾಗಿ ಜುಲೈನಿಂದಲೇ ತಯಾರಿ ಶುರು ಮಾಡಿದೆ. ಜಂತಿನ ಔಷಧಿ ಕೊಟ್ಟೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದುಕೊಳ್ಳುತ್ತದೆ. ನಮ್ಮ ಭಾಗದಲ್ಲಿ ಇದನ್ನು ಮರೆತರೆ ಯಾವ ಸೂಜಿಯೂ ಕೆಲಸಕ್ಕೆ ಬಾರದು. ಕೊನೆಯ ಇಪ್ಪತ್ತು ದಿನ ಹಿಂಡಿಯ ಜೊತೆ ಇನ್ನೊಂದು ಪದಾರ್ಥ ಕೊಟ್ಟೆ. ಅದನ್ನು ಈಗಲೇ ಹೇಳುವುದಿಲ್ಲ, ಇನ್ನೊಂದು ಸಲ ಮಾಡಿ ನೋಡಬೇಕು.

ಸೆಪ್ಟೆಂಬರ್ ಕೊನೆಗೆ ಎಂಟು ಎಮ್ಮೆ ಆರಿಸಿದೆವು. ಎಂಟಕ್ಕೂ ಡಾಕ್ಟರು ಕೈ ಹಾಕಿ ಗಬ್ಬ ಇಲ್ಲ ಎಂದು ಖಾತ್ರಿ ಮಾಡಿದ ಮೇಲೆಯೇ ಸೂಜಿ. ಮೊದಲ ದಿನ ಮೊಟ್ಟೆ ಬಿಡಿಸುವ ಹಾರ್ಮೋನು ಜಿಎನ್‌ಆರ್‌ಎಚ್, ಎರಡೂವರೆ ಎಂಎಲ್. ಅದಾಗಿ ಏಳು ದಿನಕ್ಕೆ ಪ್ರೋಸ್ಟಾಗ್ಲಾಂಡಿನ್, ಎರಡು ಎಂಎಲ್. ಅದಾಗಿ ಎರಡು ದಿನಕ್ಕೆ ಮತ್ತೆ ಜಿಎನ್‌ಆರ್‌ಎಚ್. ಕೊನೆಯ ಸೂಜಿಯಿಂದ 16ರಿಂದ 20 ಗಂಟೆಯೊಳಗೆ ಸೆಮೆನ್ ಹಾಕಬೇಕು. ಬೆದೆ ಕಂಡರೂ ಸರಿ, ಕಾಣದಿದ್ದರೂ ಸರಿ. ನಾನು ಕೊನೆಯ ಸೂಜಿಯನ್ನು ಮಧ್ಯಾಹ್ನ 2 ಗಂಟೆಗೆ ಇಟ್ಟುಕೊಂಡೆ. ಆಗ ಮರುದಿನ ಬೆಳಗ್ಗೆ ಏಳಕ್ಕೆ, ತಂಪು ಹೊತ್ತಿನಲ್ಲಿ, ಎಂಟೂ ಎಮ್ಮೆಗೆ ಒಟ್ಟಿಗೆ ಹಾಕಿಸಬಹುದು. ಈ ಹೊತ್ತಿನ ಲೆಕ್ಕ ನಾನೇ ಹಾಕಿದ್ದು. ನಮ್ಮ ಡಾಕ್ಟರೂ ಈಗ ಬೇರೆ ಕಡೆ ಹೀಗೇ ಮಾಡಿಸುತ್ತಾರೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪ್ರೋಸ್ಟಾಗ್ಲಾಂಡಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ. ಬಸುರಿ ಹೆಂಗಸರು, ಉಬ್ಬಸ ಇರುವವರು ಅದನ್ನು ಮುಟ್ಟಲೇಬಾರದು. ಆಗ ನಮ್ಮ ಸೊಸೆ ನಾಲ್ಕು ತಿಂಗಳ ಬಸುರಿ. ಸೂಜಿ ದಿನ ಅವಳನ್ನು ಕೊಟ್ಟಿಗೆ ಕಡೆ ಬಿಡಲಿಲ್ಲ. ನಾನೂ ಕೈಗವಸು ಹಾಕಿಕೊಂಡೇ ಬಾಟಲಿ ಮುಟ್ಟಿದೆ.

ಎರಡು ತಿಂಗಳಿಗೆ ಪರೀಕ್ಷೆ ಮಾಡಿದಾಗ ಎಂಟರಲ್ಲಿ ಐದು ಗಬ್ಬ. ಕಂದು ಹಾಕಿದ ಎಮ್ಮೆಯೂ ಆ ಐದರಲ್ಲಿತ್ತು.

ಉಳಿದ ಮೂರರಲ್ಲಿ ಎರಡಕ್ಕೆ ಪ್ರೊಜೆಸ್ಟರಾನ್ ಇರುವ ಸಾಧನವನ್ನು ಯೋನಿಯೊಳಗೆ ಇಡಿಸಿ ನೋಡಿದೆ. ಒಂದಕ್ಕೆ ಆರೇಳು ನೂರು ರೂಪಾಯಿ. ಒಂದರಲ್ಲಿ ಸಾಧನದಿಂದ ಹೊರಗೆ ತೂಗುವ ದಾರದಂಥ ಬಾಲವನ್ನು ಪಕ್ಕದ ಎಮ್ಮೆ ಕಚ್ಚಿ ಎಳೆದು ಬಿಸಾಡಿತು, ದುಡ್ಡು ಸಗಣಿಗೆ ಸೇರಿತು. ಇನ್ನೊಂದಕ್ಕೆ ಸಾಧನದ ಬಾಲ ಗಿಡ್ಡ ಕತ್ತರಿಸಿ, ಎಮ್ಮೆಯನ್ನು ಬೇರೆ ಕಟ್ಟಿದೆ. ಅದು ಗಬ್ಬ ನಿಂತಿತು. ಮೂರನೆಯದಕ್ಕೆ ಮೂಲಂಗಿ, ಲೋಳೆಸರ, ನುಗ್ಗೆ ಸೊಪ್ಪು, ಮಂಗರವಳ್ಳಿ, ಕರಿಬೇವು ಸಾಲಾಗಿ ತಿನ್ನಿಸಿದೆ. ಬೆದೆ ತೋರಿಸಿತು, ಗಬ್ಬ ನಿಲ್ಲಲಿಲ್ಲ. ಒಂದೇ ಎಮ್ಮೆ ನೋಡಿ ಒಳ್ಳೆಯದು ಕೆಟ್ಟದ್ದು ಹೇಳಲಾರೆ.

ಕುರಿಯ ವಿಷಯವೂ ಹೇಳಿಬಿಡುತ್ತೇನೆ. ಮನೆಯಲ್ಲಿ ಕೆಂಗುರಿ ಇಪ್ಪತ್ತು ಚಿಲ್ಲರೆ ಇವೆ. ಟಗರನ್ನು ಒಂದೂವರೆ ತಿಂಗಳು ದೂರದ ಹೊಲದಲ್ಲಿ, ವಾಸನೆಯೂ ಬಾರದ ಹಾಗೆ ಕಟ್ಟಿ, ಆಮೇಲೆ ಒಮ್ಮೆಲೆ ಕುರಿ ಹಿಂಡಿನೊಳಗೆ ಬಿಟ್ಟೆ. ಮೂರು ವಾರದ ಆಜುಬಾಜಿನಲ್ಲಿ ಹೆಚ್ಚಿನ ಕುರಿಗಳು ಬೆದೆಗೆ ಬಂದವು. ಒಂದು ರೂಪಾಯಿ ಖರ್ಚಿಲ್ಲ. ಟಗರಿನ ವಾಸನೆ ಕುರಿಯ ತಲೆಗೆ ಮುಟ್ಟಿದರೆ ಅದರ ಹಾರ್ಮೋನು ತಾನೇ ಏಳುತ್ತದೆ.

ಎಮ್ಮೆ ಲೆಕ್ಕಕ್ಕೆ ಬರೋಣ. ಎಂಟಕ್ಕೆ ಸೂಜಿ, ಸೆಮೆನ್, ಡಾಕ್ಟರ ಪೆಟ್ರೋಲು ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು. ಈದ ಐದೂ ದಿನಕ್ಕೆ ಆರೇಳು ಲೀಟರ್ ಕೊಟ್ಟವು. ಶ್ರಾವಣ, ಗಣೇಶ ಚೌತಿ, ಮಹಾನವಮಿ ಮೂರಕ್ಕೂ ಹಾಲಿತ್ತು. ಮನೆ ಬಾಗಿಲಲ್ಲೇ ಲೀಟರಿಗೆ 60 ಕೊಟ್ಟು ಒಯ್ದರು. ಹಾಕಿದ ದುಡ್ಡು ಮೊದಲ ವಾರದಲ್ಲೇ ಕೈಗೆ ಬಂತು. ಐದು ಕರುಗಳಲ್ಲಿ ಮೂರು ಹೆಣ್ಣು. ಅವು ಮಣಕಾಗಿ ಬೆದೆಗೆ ಬರುವವರೆಗೆ ಮಾರುವುದಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಈ ಸಲದ ಸಾಲಿಗೆ ನಮ್ಮ ಆರರ ಜೊತೆ ಮಾವನವರ ಎರಡು ಎಮ್ಮೆಯೂ ಸೇರಿವೆ.