ಮಳೆಗಾಲದಲ್ಲಿ ಒಲೆ ಹೊಗೆ ಕಮ್ಮಿ ಮಾಡೋದು ಹೇಗೆ

ಶಿರಸಿ ಕಡೆ ಗ್ಯಾಸ್ ಇದ್ರೂ ಬಚ್ಚಲ ಹಂಡೆಗೆ ಕಟ್ಟಿಗೆನೇ ಅಲ್ವಾ, ಹಾಗಾಗಿ ಮೊದ್ಲು ಕಟ್ಟಿಗೆ ನೋಡಿ. ಹಸಿ ಕಟ್ಟಿಗೇಲಿ ಹೆಚ್ಚುಕಮ್ಮಿ ಅರ್ಧ ನೀರೇ ಇರತ್ತೆ, ಬೆಂಕಿ ಕಾವೆಲ್ಲ ಅದನ್ನ ಆರಿಸೋಕೇ ಹೋಗಿ ಸರಿಯಾಗಿ ಉರಿಯದೆ ಹೊಗೆ ಏಳತ್ತೆ, ಅದ್ಕೆ ಬೇಸಿಗೇಲೇ ಸಣ್ಣದಾಗಿ ಸೀಳಿ ಜೂನ್ ಒಳಗೆ ಕೊಟ್ಟಿಗೆ ಅಟ್ಟಕ್ಕೆ ಪೇರಿಸಿಬಿಡಿ, ಮಧ್ಯ ಗಾಳಿ ಆಡೋ ಹಾಗೆ.

ಒಲೆ ಬಾಯಿಗೆ ತುರುಕಬೇಡಿ, ಎರಡ್ಮೂರು ಸೀಳು ಸಾಕು. ಬೂದಿ ದಿನಾ ತೆಗೀರಿ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರ, ಹೊಗೆ ಕೊಳವೆ ಇರೋ ಅಸ್ತ್ರ ಒಲೆ ಇದ್ರೂ ಅಷ್ಟೇ, ಕೊಳವೇಲಿ ಮಸಿ ಕಟ್ಟಿಕೊಂಡ್ರೆ ಹೊಗೆ ವಾಪಸ್ ಅಡುಗೆಮನೆಗೇ, ಆಗಾಗ ಕೆರೀತಾ ಇರಿ.

ಬೆಂಕಿ ಹಚ್ಚೋಕೆ ಪ್ಲಾಸ್ಟಿಕ್ ಕೊಟ್ಟೆ ಮಾತ್ರ ಬೇಡ (ನಮ್ಮಜ್ಜಿಗೆ ಹೇಳಿ ಹೇಳಿ ಸಾಕಾಯ್ತು), ಒಣ ತೆಂಗಿನ ಗರಿ ಸಾಕು. ಹೊಗೇಲಿರೋ 2.5 ಮೈಕ್ರಾನ್‌ಗಿಂತ ಸಣ್ಣ ಕಣ ಕಣ್ಣು ಉರೀದಿದ್ರೂ ಶ್ವಾಸಕೋಶದ ಆಳಕ್ಕೆ ಇಳಿಯತ್ತೆ, ಮಗೂನ ಎತ್ಕೊಂಡು ಒಲೆ ಮುಂದೆ ಕೂರಬೇಡಿ.