ತಾಳಮದ್ದಳೆಗೆ ಬಂದ ಹಮ್ಮುರಾಬಿ

ಮೊದಲ ವರ್ಷ ನಾನು ಚಾರ್ಟ್ ಮಾಡಿಸಿದ್ದೆ. ಪ್ರಾಚೀನ ನಾಗರಿಕತೆಗಳ ಪಾಠ, ಒಬ್ಬೊಬ್ಬರಿಗೆ ಒಬ್ಬ ರಾಜ. ಸೋಮವಾರ ರಾಶಿ ಚಾರ್ಟ್ ಬಂತು. ಎಲ್ಲದರಲ್ಲೂ ಅಂಗಡಿಯಿಂದ ತಂದು ಅಂಟಿಸಿದ ಚಿತ್ರ, ಕೆಳಗೆ ‘ಮಹಾನ್ ನಾಯಕ, ದಕ್ಷ ಆಡಳಿತಗಾರ’. ಅಶೋಕನಿಗೂ ಅದೇ ಮಾತು, ಹಮ್ಮುರಾಬಿಗೂ ಅದೇ. ಅರ್ಧದಷ್ಟು ಅಕ್ಕಂದಿರ ಕೈಬರಹ.

ನಮ್ಮದು ಬ್ರಹ್ಮಾವರದ ಕಡೆಯ ಶಾಲೆ. ಡಿಸೆಂಬರಿನ ಒಂದು ಬೆಳಗ್ಗೆ ಹಿಂದಿನ ಬೆಂಚಿನ ಹುಡುಗ ತೂಕಡಿಸುತ್ತಿದ್ದ. ರಾತ್ರಿ ಯಕ್ಷಗಾನದ ಆಟ ನೋಡಲು ಹೋಗಿದ್ದನಂತೆ. ಬೈಯಲು ಹೊರಟೆ. ಅವನು ಕರ್ಣ, ಶಲ್ಯರ ವಾಗ್ವಾದವನ್ನು ಹೆಚ್ಚುಕಡಿಮೆ ಪೂರ್ತಿ ಒಪ್ಪಿಸಿಬಿಟ್ಟ. ಪಾಠದ ನಾಲ್ಕು ಸಾಲು ಬಾರದವನು, ಮಾರಾಯ್ರೆ!

ಹಾಗೆ ಶುರುವಾದದ್ದು ನಮ್ಮ ತಾಳಮದ್ದಳೆ, ಅಂದರೆ ಕೂತಲ್ಲೇ ಮಾತಿನಲ್ಲಿ ನಡೆಸುವ ಯಕ್ಷಗಾನ. ವೇಷ ಬೇಡ, ಖರ್ಚಿಲ್ಲ. ಎದುರುಬದುರು ಎರಡು ಬೆಂಚು. ಒಂದರಲ್ಲಿ ರಾಜ, ಇನ್ನೊಂದರಲ್ಲಿ ಅವನನ್ನು ಪ್ರಶ್ನಿಸುವವರು. ಭಾಗವತಿಕೆಗೆ, ಅಂದರೆ ಹಾಡಿ ನಡೆಸಲು, ಆ ಹಿಂದಿನ ಬೆಂಚಿನವನೇ. ರಾಜ ಮೊದಲು ತನ್ನ ಪ್ರತಾಪ ಹೇಳಿಕೊಳ್ಳಬೇಕು. ನಾನು ಇಟ್ಟ ನಿಯಮ ಒಂದೇ: ಎದುರಿನವರು ‘ಸಾಕ್ಷಿ?’ ಅಂದ ಕೂಡಲೇ ಶಾಸನವನ್ನೋ ವಸ್ತುವನ್ನೋ ತೋರಿಸಬೇಕು. ಅದಕ್ಕಾಗಿ ಚೀಟಿಗಳನ್ನು ಬರೆದು ಮೂರು ದಿನ ಮೊದಲೇ ಕೊಡುತ್ತಿದ್ದೆ. ಚೀಟಿ ಬರೆಯುವುದೇ ನಿಜವಾದ ಕೆಲಸ. ನನ್ನ ಎರಡು ಭಾನುವಾರ ಅದಕ್ಕೇ ಹೋದವು.

ಹಮ್ಮುರಾಬಿ ಚೆನ್ನಾಗಿ ಓಡಿದ. ಕ್ರಿ.ಪೂ. 18ನೇ ಶತಮಾನದ ಬ್ಯಾಬಿಲೋನಿನ ರಾಜ, ಸುಮಾರು 282 ಕಟ್ಟಳೆ. ಅವನ್ನು ಕೆತ್ತಿದ ಕಪ್ಪು ಕಲ್ಲಿನ ಎತ್ತರ 2.25 ಮೀಟರ್. ಗೋಡೆಯಲ್ಲಿ ಅಷ್ಟೆತ್ತರಕ್ಕೆ ಚಾಕ್ ಗೆರೆ ಎಳೆಯಲು ನಾನು ಸ್ಟೂಲು ಹತ್ತಬೇಕಾಯಿತು. ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ ಅಂತ ರಾಜ ಗುಡುಗಿದ. ಮೇಸ್ತ್ರಿಯೊಬ್ಬರ ಮಗಳು ಎದುರಿನ ಬೆಂಚಿನಲ್ಲಿದ್ದಳು. ‘ಯಜಮಾನನ ಮಗ ಸತ್ತರೆ?’ ಅಂದಳು. ರಾಜ ಚೀಟಿ ನೋಡಿ ಓದಿದ: ‘ಕಟ್ಟಿದವನ ಮಗನನ್ನು ಕೊಲ್ಲಬೇಕು.’ ‘ಆ ಮಗು ಏನು ಮಾಡಿತ್ತು?’ ಅಲ್ಲಿಂದ ಮಾತು ಕಣ್ಣಿಗೆ ಕಣ್ಣು ಎಂಬ ನಿಯಮಕ್ಕೆ ಹೋಯಿತು. ಅದು ಸಮಾನ ಅಂತಸ್ತಿನವರಿಗೆ ಮಾತ್ರ. ಗುಲಾಮನ ಕಣ್ಣು ಹೋದರೆ ಅವನ ಬೆಲೆಯ ಅರ್ಧ ದುಡ್ಡು ಕೊಟ್ಟರೆ ಮುಗಿಯಿತು. ‘ಬಲಶಾಲಿ ದುರ್ಬಲನನ್ನು ತುಳಿಯಬಾರದು’ ಅಂತ ಅದೇ ಕಲ್ಲಿನಲ್ಲಿ ಬರೆಸಿದ್ದೀರಲ್ಲ ಅಂತ ಹಿಡಿದಳು. ಆ ಪ್ರಶ್ನೆ ನನ್ನ ಚೀಟಿಯಲ್ಲಿ ಇರಲಿಲ್ಲ.

ಹತ್‌ಶೆಪ್ಸುತ್‌ಗೆ ಒಂದೇ ಪೀರಿಯಡ್ ಸಿಕ್ಕಿತು. ಈಜಿಪ್ಟಿನ ದೊರೆ, ಅಂದರೆ ಫೇರೋ, ಆದ ಮೇಲೆ ಗಡ್ಡ ಇರುವಂತೆ ಶಿಲ್ಪ ಮಾಡಿಸಿಕೊಂಡ ರಾಣಿ. ನಮ್ಮಲ್ಲಿ ಗಂಡಸರು ಸ್ತ್ರೀವೇಷ ಕಟ್ಟುತ್ತಾರೆ, ಅಲ್ಲಿ ಉಲ್ಟಾ ಅಂತ ಮಕ್ಕಳು ನಕ್ಕರು. ಅವಳು ಸತ್ತ ಮೇಲೆ ಅವಳ ಹೆಸರನ್ನು ಕೆತ್ತಿ ಅಳಿಸಿದರು ಅಂದಾಗ ಆ ನಗು ನಿಂತಿತು.

ಚೀನಾದ ಶಿ ಹುವಾಂಗ್ ಮಾತ್ರ ಕೆಟ್ಟುಹೋದ. ತಪ್ಪು ನನ್ನದೇ. ಪುಸ್ತಕ ಸುಡಿಸಿದ್ದನ್ನೇ ಚೀಟಿಯಲ್ಲಿ ಜಾಸ್ತಿ ಬರೆದಿದ್ದೆ. ಕ್ರಿ.ಪೂ. 221ರಲ್ಲಿ ದೇಶ ಒಂದುಗೂಡಿಸಿ ತೂಕ, ಅಳತೆ, ಲಿಪಿ, ಗಾಡಿಯ ಅಚ್ಚಿನ ಅಗಲವನ್ನೂ ಒಂದೇ ಮಾಡಿದ್ದನ್ನು ಒಂದು ಸಾಲಿಗೆ ತಳ್ಳಿದ್ದೆ. ಅವನು ಬಣ್ಣದ ವೇಷದ ರಕ್ಕಸನಾಗಿ ಕೂಗಾಡಿ ಎದ್ದುಹೋದ.

ಅಶೋಕನ ಸರದಿ ಮಳೆ ರಜೆಯಿಂದ ಎರಡು ಸಲ ಮುಂದೆ ಹೋಯಿತು. ‘ನೀವು ಅಶೋಕನೇ ಅನ್ನುವುದಕ್ಕೆ ಸಾಕ್ಷಿ?’ ಎಂಬುದೇ ಮೊದಲ ಏಟು. ಹೆಚ್ಚಿನ ಶಾಸನಗಳಲ್ಲಿ ಇರುವುದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದು. 1915ರಲ್ಲಿ ಸಿಕ್ಕ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇದೆ. ಆ ಚೀಟಿಯನ್ನು ರಾಜ ಬಾವುಟದಂತೆ ಎತ್ತಿ ಹಿಡಿದ. ಆಮೇಲೆ 13ನೇ ಬಂಡೆ ಶಾಸನ ಓದಿದ: ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದರು, ನನಗೆ ದುಃಖವಾಯಿತು.

ಎದುರಿಗೆ ಕಳಿಂಗದ ಹೆಂಗಸಾಗಿ ಕೂತವಳು ಯಾವತ್ತೂ ಮಾತಾಡದ ಹುಡುಗಿ. ಅವಳ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಕಳಿಂಗದೊಳಗಿನ ಧೌಲಿ, ಜೌಗಡದ ಬಂಡೆಗಳಲ್ಲಿ ಈ 13ನೇ ಶಾಸನ ಇಲ್ಲ. ‘ಊರಿಗೆಲ್ಲ ಹೇಳಿದಿರಿ, ಸತ್ತವರ ಮನೆಯವರಿಗೆ ಯಾಕೆ ಹೇಳಲಿಲ್ಲ?’ ಅಂದಳು. ರಾಜ ತಲೆ ಕೆರೆದುಕೊಂಡ. ‘ನಾಚಿಕೆ ಆಯ್ತು’ ಅಂದ. ಹಿಂದಿನಿಂದ ಮೂರು ದನಿ ಒಟ್ಟಿಗೆ ಕೂಗಿದವು: ‘ಸಾಕ್ಷಿ?’ ಸಾಕ್ಷಿ ಇರಲಿಲ್ಲ. ಪುನಃ ಹೇಳಿದರೆ ಜನ ರೊಚ್ಚಿಗೇಳಬಹುದು ಅಂತ ಇರಬಹುದಾ ಅಂತ ಇನ್ನೊಬ್ಬ ಊಹಿಸಿದ. ಅದಕ್ಕೂ ಸಾಕ್ಷಿ ಇರಲಿಲ್ಲ. ಬೆಲ್ ಆದ ಮೇಲೂ ಜಗಳ ಮುಂದುವರಿಯಿತು.

ಪರೀಕ್ಷೆಯ ಮಾರ್ಕು ಏನೂ ಭಾರೀ ಏರಲಿಲ್ಲ, ಸುಳ್ಳು ಹೇಳುವುದಿಲ್ಲ. ಈಗ ಬೇರೆಯೇ ತಲೆನೋವು. ರಾಜನ ಬೆಂಚಿಗೆ ಜನ ಸಿಗುವುದಿಲ್ಲ. ಎಲ್ಲರಿಗೂ ಎದುರಿನ ಬೆಂಚೇ ಬೇಕು.